ಗೊಬ್ಬರದ ಅಂಗಡಿಯಲ್ಲಿ ನನಗೊಂದು ಕುರ್ಚಿ

ಕೃಷಿ ಪದವಿ ಮುಗಿಸಿ ಊರಿಗೆ ಬಂದ ವರ್ಷ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಮಾತು: ‘ನಿಮ್ಮದು ಹೊಲ ಎಷ್ಟದ?’ ಚಿತ್ತಾಪುರದಲ್ಲಿ ಬೀಜದ ಕಂಪನಿಯೊಂದರ ಸಂದರ್ಶನಕ್ಕೆ ಹೋದಾಗ ಕೇಳಿದರು. ಚಿಂಚೋಳಿಯಲ್ಲಿ ರೈತರ ಸಂಘವೊಂದು ಸಲಹೆಗಾರರು ಬೇಕೆಂದು ಕರೆದಾಗ ಕೇಳಿದರು. ಶಹಾಬಾದಿನ ನಮ್ಮ ಓಣಿಯಲ್ಲಿ ನಲ್ಲಿಗೆ ಕೊಡ ಹಿಡಿದು ನಿಂತಾಗಲೂ ಕೇಳಿದರು. ಹೊಲ ಇಲ್ಲ. ಒಂದು ಗೇಣೂ ಇಲ್ಲ. ಅಪ್ಪ ಪರಸಿ ಖಣಿಯಲ್ಲಿ ಹಾಸುಗಲ್ಲು ಎಬ್ಬಿಸುವವನು. ಅವ್ವ ಹಂಗಾಮಿನಲ್ಲಿ ಬೇರೆಯವರ ತೊಗರಿಯಲ್ಲಿ ಕಸ ತೆಗೆಯುವವಳು. ‘ನಮ್ಮ ಹೊಲದಾಗ ಕಲ್ಲು ಬೆಳೀತದ್ರಿ, ಅದೂ ಮಂದೀದು’ ಎಂದು ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಕಾಲೇಜಿಗೆ ಸೇರುವಾಗ ಕೃಷಿಕರ ಮಕ್ಕಳಿಗೆಂದು ಒಂದು ಕೋಟಾ ಇತ್ತು. ಅದಕ್ಕೆ ಪಹಣಿ ಕೇಳುತ್ತಿದ್ದರು. ನಮ್ಮ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು? ನಾನು ಅಂಕಗಳ ಮೇಲೆ ಸೇರಿದೆ. ತರಗತಿಯಲ್ಲಿ ಜಮೀನ್ದಾರರ ಮಕ್ಕಳು ಬಹಳ ಜನ ಇದ್ದರು. ಮೊದಲ ವರ್ಷ ಹೊಲಕ್ಕೆ ಇಳಿಸಿ ಕಳೆ ಗುರುತಿಸಲು ಹೇಳಿದಾಗ ಅವರು ಪುಸ್ತಕದ ಚಿತ್ರ ನೋಡುತ್ತಿದ್ದರು. ನನ್ನ ಕೈ ತಾನಾಗಿ ಹೋಗಿ ಕಿತ್ತಿತ್ತು. ಹತ್ತನೆಯ ವಯಸ್ಸಿನಿಂದ ರಜೆಯಲ್ಲಿ ಅವ್ವನ ಸಾಲಿನ ಪಕ್ಕದ ಸಾಲು ನನ್ನದೇ ಆಗಿತ್ತಲ್ಲ. ಆ ದಿನ ಪ್ರಾಧ್ಯಾಪಕರು ನನ್ನ ಕಡೆ ನೋಡಿ ತಲೆಯಾಡಿಸಿದ್ದನ್ನು ಈಗಲೂ ಮರೆತಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಗೋಡೆಯ ಮೇಲಿನ ನೀಲಿ ಕೋಟಿನ ಪಟವನ್ನು ಬಿಟ್ಟರೆ ಪದವಿ ಪಡೆದವರು ಬೇರೆ ಯಾರೂ ಇರಲಿಲ್ಲ.

ಚಿತ್ತಾಪುರದ ಸಂದರ್ಶನದಲ್ಲಿ ಹೊಲದ ಮಾತು ಮುಗಿದ ಮೇಲೆ ಎರಡನೆಯ ಪ್ರಶ್ನೆ ಬಂತು.

‘ಗಾಡಿ ಹೊಡೀಲಿಕ್ಕೆ ಬರ್ತದೇನಮ್ಮ?’

‘ಬರ್ತದ್ರಿ.’

‘ದಿನಾ ಹಳ್ಳಿ ಹಳ್ಳಿ ತಿರುಗಬೇಕಾಗ್ತದ. ಮಂದಿ ಕೂಡ ಹೋಟೆಲ್ದಾಗ ಕುಂತು ಚಹಾ ಕುಡೀಬೇಕು, ಮಾಲ್ ಮಾರಬೇಕು.’

‘ಕುಡೀತೀನ್ರಿ. ಆದ್ರ ನೀವು ಸಲಹೆಗಾರರ ನೌಕರಿ ಅಂತ ಬರದೀರಲ್ರಿ?’

‘ಸಲಹಾ ಅಂದ್ರ ಅದೇ’ ಎಂದು ಅವರು ಮುಂದಿನವರನ್ನು ಕರೆದರು.

ಸರ್ಕಾರದ ಹುದ್ದೆ ಕರೆಯುತ್ತಾರೆ ಎಂಬ ಸುದ್ದಿ ನಮ್ಮಲ್ಲಿ ಬಿತ್ತನೆಗೆ ಮೊದಲು ಹುಟ್ಟುತ್ತದೆ, ರಾಶಿ ಮುಗಿಯುವುದರೊಳಗೆ ಸಾಯುತ್ತದೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಗುತ್ತಿಗೆಯ ಕೆಲಸ ಖಾಲಿಯಾದರೆ ಅದು ನಮಗೆ ತಿಳಿಯುವ ಹೊತ್ತಿಗೆ ಯಾರೋ ಕುಳಿತಿರುತ್ತಾರೆ. ಹೀಗೆ ಒಂದು ವರ್ಷ ಕಳೆಯಿತು. ಆಗ ವಾಡಿಯ ಒಬ್ಬ ವ್ಯಾಪಾರಿ ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ.

ಕೀಟನಾಶಕ ಮಾರುವ ಅಂಗಡಿಗೆ ಲೈಸೆನ್ಸ್ ಬೇಕಾದರೆ ಕೃಷಿ ಓದಿದವರೊಬ್ಬರು ಅಲ್ಲಿರಬೇಕು. ಓದದ ಮಾಲೀಕರು ಓದಿದವರ ಪ್ರಮಾಣಪತ್ರ ತಂದು ಗೋಡೆಗೆ ತೂಗುಹಾಕುತ್ತಾರೆ. ಓದಿದವರು ಮನೆಯಲ್ಲಿರುತ್ತಾರೆ. ನಮ್ಮ ಕಡೆ ಇದಕ್ಕೆ ‘ಸರ್ಟಿಫಿಕೇಟ್ ಇಡೋದು’ ಎನ್ನುತ್ತಾರೆ, ಬಂಗಾರ ಒತ್ತೆ ಇಟ್ಟ ಹಾಗೆ. ನನ್ನ ಜೊತೆ ಓದಿದ ನಾಲ್ವರ ಹೆಸರು ಸೇಡಂನಿಂದ ಚಿಂಚೋಳಿಯವರೆಗಿನ ಅಂಗಡಿಗಳಲ್ಲಿ ತೂಗುತ್ತಿದ್ದವು. ಅವರು ಕಲಬುರಗಿಯಲ್ಲಿ ರೂಮು ಹಿಡಿದು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದರು. ಅವರನ್ನು ನಾನು ಆಗ ಕೀಳಾಗಿ ನೋಡಿದ್ದೆ.

‘ತಂಗಿ, ನೀ ಬರೋದು ಬ್ಯಾಡ, ಕುಂದ್ರೋದು ಬ್ಯಾಡ’ ಎಂದ ವಾಡಿಯವನು. ‘ಮನ್ಯಾಗ ಆರಾಮ ಇರು. ಕಾಗದ ಒಂದು ನನ್ನ ಅಂಗಡ್ಯಾಗ ಇರ್ಲಿ. ತಿಂಗಳಾ ತಿಂಗಳಾ ರೊಕ್ಕ ಮನೀಗಿ ಮುಟ್ಟಸ್ತೀನಿ.’

‘ನಾ ಬರ್ತೀನ್ರಿ. ಕಾಗದ ಒಂದೇ ಬರಂಗಿಲ್ಲ.’

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ‘ನೀ ಬಂದು ಏನ್ ಮಾಡ್ತಿ?’ ಎಂದ.

ಅವನು ಹೋದ ಮೇಲೆ ಅವ್ವ ಪೇಡೆಯ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು. ‘ಕುಂತಲ್ಲೇ ಬರೋದನ್ನ ಯಾರರ ಬ್ಯಾಡ ಅಂತಾರೇನ? ಭಾಳ ಓದೀದಿ ನೋಡು!’ ಅಪ್ಪ ಮಾತ್ರ, ‘ಆಕಿ ಓದಿದ್ದು ಆಕಿ ಕೂಡೇ ಇರ್ಲಿ ಬಿಡು’ ಎಂದ.

ಆ ವರ್ಷ ದಸರೆಯ ನಂತರ ಸೇಡಂನ ಒಂದು ಅಂಗಡಿಯಲ್ಲಿ ನನಗೆ ಜಾಗ ಸಿಕ್ಕಿತು. ಅಲ್ಲಿ ಪ್ರಮಾಣಪತ್ರ ಇಟ್ಟಿದ್ದವನು ಬ್ಯಾಂಕಿನಲ್ಲಿ ನೌಕರಿ ಸಿಕ್ಕಿದ್ದರಿಂದ ಅದನ್ನು ಹಿಂದಕ್ಕೆ ಪಡೆದಿದ್ದ. ಲೈಸೆನ್ಸ್ ನವೀಕರಣ ಹತ್ತಿರ ಬಂದಿತ್ತು. ಸಾವುಕಾರ ಆತುರದಲ್ಲಿದ್ದ, ನಾನು ಷರತ್ತು ಹಾಕಿದೆ. ಕೌಂಟರಿನ ಎದುರು ನನಗೊಂದು ಕುರ್ಚಿ. ನನ್ನ ಹೆಸರಿರುವ ಚೀಟಿಯ ಪ್ಯಾಡು. ಬೆಳೆಗೆ ಏನೇ ಔಷಧಿ ಕೊಟ್ಟರೂ ನನ್ನ ಚೀಟಿಯ ಮೇಲೆಯೇ ಕೊಡಬೇಕು.

‘ಕುರ್ಚಿ ಏನ್ ದೊಡ್ಡ ಮಾತ್ರಿ ಮೇಡಂ, ಎರಡು ಹಾಕಸ್ತೀನಿ’ ಎಂದು ಅವನು ನಕ್ಕ.

ಬೆಳಿಗ್ಗೆ ಶಹಾಬಾದಿನಿಂದ ವಾಡಿಗೆ, ವಾಡಿಯಲ್ಲಿ ರೈಲು ಬದಲಿಸಿ ಸೇಡಂಗೆ ಹೋಗುತ್ತಿದ್ದೆ. ಮಳಖೇಡ ದಾಟುವಾಗ ಸಿಮೆಂಟಿನ ಪಾಳಿ ಮುಗಿಸಿದವರು ಹತ್ತಿ ನಿಂತಲ್ಲೇ ತೂಕಡಿಸುತ್ತಿದ್ದರು. ನಾನು ಬ್ಯಾಗಿನಲ್ಲಿ ಒಂದು ಬ್ಲೇಡು, ಒಂದು ಭೂತಗನ್ನಡಿ, ಚಪಾತಿಯ ಡಬ್ಬಿ ಇಟ್ಟುಕೊಂಡು ಕಿಟಕಿಯಾಚೆ ಯಾರ ಹೊಲದಲ್ಲಿ ಏನಾಗಿದೆ ಎಂದು ನೋಡುತ್ತಿದ್ದೆ. ಪ್ಯಾಡು ಅಚ್ಚಾಗಿ ಬಂದ ದಿನ ನೆನಪಿದೆ. ಮೇಲೆ ಅಂಗಡಿಯ ಹೆಸರು, ಕೆಳಗೆ ಬಲಕ್ಕೆ ನನ್ನ ಹೆಸರು, ಬಿ.ಎಸ್ಸಿ. ಕೃಷಿ, ಬೆಳೆ ತಜ್ಞೆ. ಸಹಿ ಚೆನ್ನಾಗಿ ಬರಲೆಂದು ಹಳೆಯ ಪೇಪರಿನ ಅಂಚಿನ ತುಂಬ ಬರೆದು ನೋಡಿದೆ. ಅಪ್ಪ ಹೆಬ್ಬೆಟ್ಟು ಒತ್ತುವವನು. ಸಹಿ ಎಂದರೆ ನಮ್ಮ ಮನೆಯಲ್ಲಿ ಸಣ್ಣ ವಸ್ತುವಲ್ಲ.

ಮೊದಲ ತಿಂಗಳು ರೈತರು ನನ್ನನ್ನು ದಾಟಿಕೊಂಡು ನೇರ ಕೌಂಟರಿಗೆ ಹೋಗುತ್ತಿದ್ದರು. ಅಲ್ಲಿ ಇಪ್ಪತ್ತು ವರ್ಷದಿಂದ ನಿಂತವನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಕೀಟಕ್ಕೆ ಹೊಡೆಯುವುದಿರಲಿ, ಕಳೆಗೆ ಹೊಡೆಯುವುದಿರಲಿ, ನಮ್ಮ ಕಡೆ ಎಲ್ಲವೂ ‘ಎಣ್ಣಿ’. ಕಾಕಾ ಅವನ್ನು ಬಾಟಲಿಯ ಬಣ್ಣದ ಮೇಲೆ ನೆನಪಿಟ್ಟುಕೊಂಡಿದ್ದ. ಬಂದವರೂ ‘ಬಾಜೂ ಹೊಲದವ್ರು ಒಯ್ದಾರಲ್ಲ, ಅದೇ ಕೊಡು’ ಎನ್ನುತ್ತಿದ್ದರು. ನಾನು ಬಾಯಿ ತೆರೆದರೆ, ‘ಬಿಲ್ ಮಾಡವ್ವ ಜಲ್ದಿ, ಬಸ್ಸದ’ ಎನ್ನುತ್ತಿದ್ದರು.

ನನ್ನ ಕುರ್ಚಿಯ ಹತ್ತಿರ ಮೊದಲು ನಿಂತವರು ಹೆಂಗಸರು. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರು ಅವರೇ ಆದ್ದರಿಂದ ರೋಗ ಮೊದಲು ಕಾಣುವುದೂ ಅವರಿಗೇ. ಸೆರಗಿನಲ್ಲಿ ಸುತ್ತಿ ತೊಗರಿ ಗಿಡ ತಂದರೆ ನಾನು ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸುತ್ತಿದ್ದೆ. ಬೇರಿನಿಂದ ಏರಿದ ನೆಟೆ ರೋಗ ಅದು. ಹಿಡಿದ ಮೇಲೆ ಯಾವ ಎಣ್ಣಿಗೂ ಬಗ್ಗುವುದಿಲ್ಲ. ‘ಔಷಧಿ ಬೇಡ. ಒಣಗಿದ ಗಿಡ ಕಿತ್ತು ಸುಡಿ. ಮುಂದಿನ ಸಲ ಈ ಹೊಲದಲ್ಲಿ ಜೋಳ ಬಿತ್ತಿ’ ಎಂದು ಬರೆದು ಸಹಿ ಮಾಡಿ ಕೊಡುತ್ತಿದ್ದೆ.

ಅಂಥ ಒಂದು ಚೀಟಿ ಸಾವುಕಾರನ ಕೈಗೆ ಸಿಕ್ಕಿತು. ‘ಮೇಡಂ, ಮ್ಯಾಲ ನನ್ನ ಅಂಗಡಿ ಹೆಸರು, ಕೆಳಗ ಔಷಧಿ ಬ್ಯಾಡ. ಇದು ಅಂಗಡಿ ಅದನೊ, ಗುಡಿ ಅದನೊ?’

ಕಾಕಾ ಕೌಂಟರಿನ ಹಿಂದಿನಿಂದ, ‘ಗುಡಿಗಿ ಬಂದವ್ರು ಟೆಂಗಿನಕಾಯರ ಒಡಸ್ತಾರ್ರಿ ಸಾವ್ಕಾರ’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕುರ್ಚಿ ಮಾತ್ರ ಬಿಡಲಿಲ್ಲ.

ಬಿತ್ತನೆಯ ಮುಂಚೆ ಚಿಂಚೋಳಿ ಕಡೆಯ ಐನಾಪುರದ ಗಂಡ ಹೆಂಡತಿ ಬಂದರು. ಹಿಂದಿನ ವರ್ಷ ಅವರ ತೊಗರಿಗೆ ನೆಟೆ ಬಿದ್ದಿತ್ತು. ಹೊಲ ಬದಲಿಸಲು ಹೇಳಿ, ಬೀಜಕ್ಕೆ ಹಚ್ಚುವ ಪುಡಿ ಬರೆದುಕೊಟ್ಟೆ. ತಿಂಗಳ ಮೇಲೆ ಹೆಂಡತಿ ಒಬ್ಬಳೇ ಸಂತೆಗೆ ಬಂದಾಗ ಅಂಗಡಿಗೆ ಬಂದು, ‘ನೀ ಹೇಳ್ದಂಗ ಮಾಡೀವಿ ಯವ್ವಾ, ಹೆಂಗ ಎದ್ದಾವ ಅಂತಿ!’ ಎಂದು ನನ್ನ ಕೈ ಹಿಡಿದಳು. ಆ ಚೀಟಿಯನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಳು. ಆ ದಿನ ರೈಲಿನಲ್ಲಿ ನನಗೆ ಕೂರಲು ಜಾಗ ಸಿಗಲಿಲ್ಲ, ಅದು ಗೊತ್ತಾಗಲೂ ಇಲ್ಲ.

ಅದಾದ ಕೆಲವು ದಿನಗಳಿಗೆ ಕಲಬುರಗಿಯಲ್ಲಿ ಸರ್ಕಾರಿ ಹುದ್ದೆಯ ಪರೀಕ್ಷೆ ಬಂತು. ಮೂರು ದಿನ ರಜೆ ಕೇಳಿದೆ. ಮಳೆ ಬಿದ್ದು ಕಳೆ ಎದ್ದಿದ್ದ ಕಾಲ. ಅಂಗಡಿಗೆ ಮಂದಿ ಮುಗಿಬೀಳುತ್ತಿದ್ದರು.

‘ಹೋಗ್ರಿ, ಬ್ಯಾಡ ಅನ್ನಂಗಿಲ್ಲ’ ಎಂದ ಸಾವುಕಾರ. ‘ಆದ್ರ ಚೀಟಿ ಇಲ್ದ ಮಾರಬ್ಯಾಡ ಅಂತ ನೀವೇ ಅಂದೀರಿ. ಮೂರು ದಿನ ಶಟರ್ ಇಳಸ್ಲ್ಯಾ? ಒಂದ್ ಪ್ಯಾಡಿಗಿ ಸಹಿ ಮಾಡಿ ಇಟ್ಟು ಹೋಗ್ರಿ. ನಿಮಗ ಫೋನ್ ಹಚ್ಚಿ ಕೇಳಿ ಬರಸ್ತೀನಿ.’

ನನ್ನದೇ ನಿಯಮವನ್ನು ನನ್ನ ಮುಂದೆ ಇಟ್ಟಿದ್ದ. ನಾನು ಕುಳಿತು ಇಡೀ ಪ್ಯಾಡಿಗೆ ಸಹಿ ಮಾಡಿದೆ. ಯಾರೂ ಕೈ ಹಿಡಿದು ಮಾಡಿಸಲಿಲ್ಲ. ಖಾಲಿ ಹಾಳೆಗೆ ಸಹಿ ಮಾಡಬಾರದೆಂದು ನನ್ನ ಹೆಬ್ಬೆಟ್ಟಿನ ಅಪ್ಪನಿಗೂ ಗೊತ್ತು. ಅವನು ಓದಿಸಿ ಕೇಳಿಯೇ ಒತ್ತುತ್ತಾನೆ. ನಾನು ಏಕೆ ಮಾಡಿದೆ? ನಾನಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬ ಮಾತು ನನಗೆ ಸಿಹಿಯಾಗಿತ್ತು. ಒಂದರ ಹಿಂದೆ ಒಂದು ಹಾಳೆ ತಿರುವುತ್ತಾ ಸಹಿ ಮಾಡುವುದೂ ಸಿಹಿಯಾಗಿತ್ತು. ಮೂರು ದಿನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ.

ಎರಡು ವಾರ ಕಳೆದು ಐನಾಪುರದ ಗಂಡ ಹೆಂಡತಿ ಮತ್ತೆ ಬಂದರು. ಈ ಸಲ ಕೈ ಹಿಡಿಯಲಿಲ್ಲ. ಗಂಡ ಚೀಲದಿಂದ ನಾಲ್ಕು ತೊಗರಿ ಗಿಡ ತೆಗೆದು ನನ್ನ ಮೇಜಿನ ಮೇಲೆ ಹಾಕಿದ. ಕುಡಿ ತಿರುಚಿತ್ತು, ಕಾಂಡ ಹಾವಿನಂತೆ ಸುತ್ತಿತ್ತು, ಎಲೆ ಮುದುಡಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ಜೋಳದ ಹೊಲದ ಕಳೆಗೆ ಹೊಡೆಯುವ ಎಣ್ಣಿ. ಜೋಳವನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುತ್ತದೆ. ತೊಗರಿಯದು ಅಗಲ ಎಲೆ.

‘ಇದನ್ನ ಯಾರು ಹೊಡೀಲಿಕ್ಕೆ ಹೇಳ್ಯಾರ್ರಿ?’ ಎಂದೆ.

ಅವನು ಬಿಲ್ಲಿಗೆ ಪಿನ್ ಮಾಡಿದ ಚೀಟಿ ಮುಂದಿಟ್ಟ. ಮೇಲಿನ ಅಕ್ಷರ ಕಾಕಾನದು. ಕೆಳಗೆ ನನ್ನ ಸಹಿ ಸ್ವಲ್ಪವೂ ನಡುಗದೆ ಕುಳಿತಿತ್ತು.

ಆಮೇಲೆ ತಿಳಿದದ್ದು ಇಷ್ಟು. ತೊಗರಿಯ ಕಳೆಗೆ ಕೊಡುವ ಎಣ್ಣಿ ಆ ವಾರ ಮುಗಿದಿತ್ತು. ‘ಕಸ ಸತ್ರ ಸಾಕಿಲ್ಲೊ, ಇದೇ ಕೊಡು’ ಎಂದು ಸಾವುಕಾರ ಹೇಳಿದ, ಕಾಕಾ ಬರೆದ. ಗಂಡ ಇಲಾಖೆಗೆ ದೂರು ಕೊಟ್ಟಿದ್ದ. ತಾಲ್ಲೂಕಿನ ಕೃಷಿ ಅಧಿಕಾರಿ ಹೊಲ ನೋಡಲು ಬರುವವರಿದ್ದರು.

ನಾನು ಸಾವುಕಾರನ ಕಾರಿನಲ್ಲೇ ಐನಾಪುರಕ್ಕೆ ಹೋದೆ. ದಾರಿಯಲ್ಲಿ ಅವನು ಎಂದೂ ಇಲ್ಲದ ಮರ್ಯಾದೆಯಿಂದ ಮಾತಾಡಿದ.

‘ಮೇಡಂ, ನೀವು ತಜ್ಞರಿದ್ದೀರಿ. ವೈರಸ್ ಬಂದ್ರೂ ಎಲಿ ಹಿಂಗೇ ಮುದಡ್ತದಂತ, ಹೌದಿಲ್ಲೊ?’

‘ಮುದಡ್ತದ್ರಿ. ಆದ್ರ ಇದು ಅದಲ್ಲ.’

‘ಅಲ್ಲ ಅಂತ ಯಾರಿಗಿ ಗೊತ್ತಾಗ್ತದ? ನೀವು ವೈರಸ್ ಅಂದ್ರ ಅದು ವೈರಸ್. ಅವ್ರಿಗಿ ಬೆಳಿ ವಿಮಾದ ರೊಕ್ಕಾನೂ ಬಂದೀತು, ನಮ್ಮ ಲೈಸೆನ್ಸೂ ಉಳೀತು, ನಿಮ್ಮ ನೌಕರೀನೂ ಉಳೀತು. ನೀವು ಪರೀಕ್ಷಾ ಬರದೀರಿ. ನಾಳಿ ಸರ್ಕಾರದೋರು ನಿಮ್ಮ ಹೆಸರ ಮ್ಯಾಲ ಏನರ ಅದನೊ ಅಂತ ನೋಡಂಗಿಲ್ಲೇನು?’

ಹತ್ತು ತಿಂಗಳಲ್ಲಿ ಅವನು ನನ್ನನ್ನು ತಜ್ಞೆ ಎಂದು ಕರೆದದ್ದು ಅದೇ ಮೊದಲು. ಸುಳ್ಳು ಹೇಳಲು ನನ್ನ ಓದು ಅವನಿಗೆ ಬೇಕಾಗಿತ್ತು. ಅವನ ಮಾತಿನಲ್ಲಿ ಸುಳ್ಳಿಲ್ಲದ ಒಂದು ಭಾಗವೂ ಇತ್ತು, ಅದೇ ನನ್ನನ್ನು ಕಾಡಿದ್ದು. ನಾನು ವೈರಸ್ ಎಂದರೆ ಆ ಹೊಲದಲ್ಲಿ ಅಲ್ಲವೆನ್ನುವವರು ಯಾರೂ ಇರುತ್ತಿರಲಿಲ್ಲ. ಅಧಿಕಾರಿಗೂ ಬೇಗ ಮುಗಿದರೆ ಸಾಕಾಗಿತ್ತು. ಅವರ ಜೀಪು ಬದುವಿನ ಮೇಲೆ ಎಂಜಿನ್ ಆರಿಸದೆ ನಿಂತಿತ್ತು.

‘ಹೇಳ್ರಿ ಮೇಡಂ, ಚೀಟಿ ಕೊಟ್ಟೋರು ನೀವು. ಏನಾಗ್ಯದ?’ ಎಂದರು ಅಧಿಕಾರಿ.

ನಾನು ಸಾಲಿನೊಳಗೆ ನಡೆದೆ. ಹೊಲದ ಕೊನೆಯಲ್ಲಿ ಆರೇಳು ಸಾಲು ನೆಟ್ಟಗೆ, ಹಸಿರಾಗಿ ನಿಂತಿದ್ದವು. ‘ಇಲ್ಲಿ ಯಾಕ ಬಿಟ್ಟೀರಿ?’ ಎಂದು ಗಂಡನನ್ನು ಕೇಳಿದೆ.

‘ಪಂಪಿನಾಗಿಂದು ಎಣ್ಣಿ ತೀರಿತ್ರಿ.’

‘ಸರ್, ವೈರಸ್ ಹಿಂಗ ಗೆರಿ ಹೊಡದಂಗ ನಿಂದ್ರಂಗಿಲ್ಲ’ ಎಂದೆ. ‘ಪಂಪು ಎಲ್ಲಿ ನಿಂತದೊ ರೋಗ ಅಲ್ಲೇ ನಿಂತದ. ಇದು ಜೋಳದ ಕಸಕ್ಕ ಹೊಡಿಯೋ ಎಣ್ಣಿ. ಅಂಗಡಿಯಿಂದೇ ಕೊಟ್ಟದ್ದು.’

ಸಾವುಕಾರ ಫೋನು ತೆಗೆದು ಆಚೆ ಹೋದ. ಅಧಿಕಾರಿ ಚೀಟಿಯನ್ನು ಬೆಳಕಿಗೆ ಹಿಡಿದರು. ‘ಸಹಿ ನಿಮ್ಮದೇ ಅಲ್ಲೇನ್ರಿ?’

‘ಸಹಿ ನಂದು. ಅಕ್ಷರ ನಂದಲ್ಲ. ಖಾಲಿ ಚೀಟಿಗಿ ಸಹಿ ಮಾಡಿ ಕೊಟ್ಟಿದ್ದೆ.’

‘ಓದಿದಾಕಿ ಇದ್ದೀರಿ’ ಎಂದು ಅವರು ಅಷ್ಟೇ ಹೇಳಿ, ನಾನು ಹೇಳಿದ್ದನ್ನು ನನ್ನ ಕೈಯಲ್ಲೇ ಬರೆಸಿಕೊಂಡರು. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದೆ. ಎಂಜಿನ್ನಿನ ನಡುಕಕ್ಕೆ ಅಕ್ಷರ ಸೊಟ್ಟಗಾದವು.

ಸತ್ಯ ಹೇಳಿದೆನಲ್ಲ, ಆ ಗಂಡ ಹೆಂಡತಿ ನನ್ನ ಕಡೆ ಬಂದಾರು ಎಂಬ ಆಸೆ ನನಗೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಗಂಡ ನನ್ನೆದುರು ಬಂದು ನಿಂತ. ‘ಕಾಕಾ ಕೊಟ್ಟಾನಂದ್ರ ನಾ ಇನ್ನೊಬ್ಬರಿಗಿ ಕೇಳ್ತಿದ್ದೆ. ನಿಮ್ಮ ಸಹಿ ಅದ ಅಂತ ಯಾರಿಗೂ ಕೇಳ್ಲಿಲ್ಲ’ ಎಂದ. ಬೈದಿದ್ದರೆ ಎಷ್ಟೋ ಸುಲಭವಿತ್ತು. ಹೆಂಡತಿ ನನ್ನತ್ತ ನೋಡಲಿಲ್ಲ. ಬದುವಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದು ತಿರುಚಿದ ಕುಡಿಯನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದಳು. ಬಿಟ್ಟರೆ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು.

ಹಿಂದಿರುಗುವಾಗ ಕಾರಿನಲ್ಲಿ ನನಗೆ ಜಾಗವಿರಲಿಲ್ಲ. ಚಿಂಚೋಳಿಯವರೆಗೆ ಟಂಟಂ ಆಟೋದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದೆ.

ಮುಂದಿನದು ಬೇಗ ಮುಗಿಯಿತು. ಸಾವುಕಾರ ಐನಾಪುರಕ್ಕೆ ಎರಡು ಸಲ ಹೋಗಿ ಬಂದ. ಹಿಂಗಾರಿಗೆ ಕಡಲೆ ಬೀಜ, ಗೊಬ್ಬರ ಕೊಡುವೆನೆಂದು ಒಪ್ಪಿಸಿದ. ಗಂಡ ಹೆಂಡತಿ ದೂರು ಹಿಂದಕ್ಕೆ ಪಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಲ ಅವರದು, ಹಂಗಾಮು ಅವರಿಗೆ ಕಾಯುವುದಿಲ್ಲ. ದೂರು ಹೋಯಿತು, ಕಡತ ಹೋಗಲಿಲ್ಲ. ಅದರೊಳಗೆ ಉಳಿದ ಹಾಳೆ ಒಂದೇ, ನಾನು ಬಾನೆಟ್ಟಿನ ಮೇಲೆ ಬರೆದದ್ದು. ಕಾಕಾನ ಹೆಸರು ಎಲ್ಲಿಯೂ ಇಲ್ಲ. ಸಾವುಕಾರನಿಗೆ ಎಚ್ಚರಿಕೆಯ ಪತ್ರ ಬಂತು. ಲೈಸೆನ್ಸಿನಿಂದ ನನ್ನ ಹೆಸರು ತೆಗೆದರು, ನೌಕರಿ ಹೋಯಿತು.

ನಮ್ಮ ಊರುಗಳು ದೂರ ದೂರವಿದ್ದರೂ ಗೊಬ್ಬರದ ವ್ಯಾಪಾರಿಗಳೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿರುತ್ತಾರೆ. ಚಿತ್ತಾಪುರದ ಒಂದು ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಮಾಲೀಕ ಚಹಾ ತರಿಸಿದ. ನಾನು ಕುಡಿದು ಮುಗಿಸುವವರೆಗೂ ಕಾದು, ‘ನೀವು ಖರೆ ಹೇಳೋರಂತಲ್ರಿ ಮೇಡಂ’ ಎಂದ. ಸುತ್ತ ನಿಂತವರು ನಕ್ಕರು. ಕಪ್ಪು ಕೆಳಗಿಟ್ಟು ಎದ್ದು ಬಂದೆ. ಶಹಾಬಾದಿನಲ್ಲಿ ಇನ್ನೊಬ್ಬ ಅಷ್ಟೂ ಹೇಳಲಿಲ್ಲ; ‘ನೋಡೋಣಂತ’ ಎಂದ.

ಪರೀಕ್ಷೆಯ ಫಲಿತಾಂಶ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ. ಈಗ ನಾನು ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ಮಾಡುತ್ತೇನೆ. ಮೊಬೈಲು ಹಿಡಿದು ಬೇರೆಯವರ ಹೊಲದಲ್ಲಿ ನಿಂತು ಫೋಟೋ ತೆಗೆದು ‘ತೊಗರಿ’ ಎಂದು ಒತ್ತಬೇಕು. ಹತ್ತನೆಯ ತರಗತಿ ಓದಿದವರೂ ಮಾಡುತ್ತಾರೆ, ನನಗಿಂತ ಚುರುಕಾಗಿ ಮಾಡುತ್ತಾರೆ. ನಾನು ಗಿಡ ನೋಡುತ್ತಾ ನಿಂತುಬಿಡುತ್ತೇನೆ. ಸನ್ನತಿಯ ಕಡೆ ಒಂದು ಹೊಲದಲ್ಲಿ ನೆಟೆ ಆಗತಾನೆ ಹತ್ತಿತ್ತು. ಒಡೆಯನಿಗೆ ಹೇಳಿದೆ. ‘ನೀ ಫೋಟೋ ಹೊಡ್ಕೊಂಡು ಹೋಗವ್ವ’ ಎಂದ. ಹೊಡೆದುಕೊಂಡು ಹೋದೆ.

ಈ ವರ್ಷ ಬಿತ್ತನೆಗೆ ಮುಂಚೆ ನನ್ನ ಕಾಲೇಜಿನಲ್ಲಿ ನನ್ನ ಹಿಂದೆ ಓದಿದ ಹುಡುಗಿಯೊಬ್ಬಳು ಫೋನು ಮಾಡಿದಳು. ಚಿಂಚೋಳಿ ಕಡೆಯವಳು. ಅವಳ ಮನೆಯಲ್ಲೂ ಮೊದಲು ಓದಿದವಳು ಅವಳೇ.

‘ಅಕ್ಕಾ, ಸೇಡಂನಾಗ ಒಂದು ಅಂಗಡಿಯವ್ರು ಸರ್ಟಿಫಿಕೇಟ್ ಕೇಳ್ಲಿಕತ್ತಾರ್ರಿ. ನೀವಿದ್ದ ಅಂಗಡೀನೇ ಅಂತ. ಕಾಗದ ಒಂದೇ ಕೊಡಂಗಿಲ್ಲ, ನಾನೂ ಬಂದು ಕುಂದ್ರತೀನಿ ಅಂದೀನ್ರಿ. ನೀವೂ ಹಂಗೇ ಕುಂತಿದ್ರಂತಲ್ಲ?’

ಅವಳ ದನಿಯಲ್ಲಿದ್ದ ಬಿಗುಮಾನ ನನಗೆ ಚೆನ್ನಾಗಿ ಗೊತ್ತಿರುವಂಥದ್ದು. ಕೊಡಬೇಡ ಎನ್ನಬಹುದಿತ್ತು. ಆದರೆ ಖಾಲಿ ಕೂತ ವರ್ಷವೊಂದು ಮನೆಯೊಳಗೆ ಹೇಗೆ ಕಳೆಯುತ್ತದೆ ಎಂದೂ ನನಗೆ ಗೊತ್ತು.

‘ಕಾಗದ ಕೊಡು’ ಎಂದೆ. ‘ನೀ ಹೋಗಬ್ಯಾಡ.’

‘ನೀವು ಹಿಂಗ ಹೇಳ್ತೀರೇನ್ರಿ ಅಕ್ಕಾ?’

‘ನಾನೇ ಹೇಳ್ಲಿಕತ್ತೀನಿ. ಆ ಅಂಗಡಿ ಹೊಸ್ತಿಲಾ ತುಳೀಬ್ಯಾಡ. ಚೀಟಿ ಬರೀಬ್ಯಾಡ. ಯಾರರ ಕೇಳಿದ್ರ ನಂಗೇನೂ ಗೊತ್ತಿಲ್ಲ ಅನ್ನು.’

‘ಮತ್ತ ನಾವು ಓದಿದ್ದು?’

ಸಿಗ್ನಲ್ ಸರಿಯಿಲ್ಲವೆಂದು ಹೇಳಿ ಫೋನು ಇಟ್ಟುಬಿಟ್ಟೆ.

ಮರುವಾರವೇ ಅವಳು ಪ್ರಮಾಣಪತ್ರ ಕೊಟ್ಟು ಕಲಬುರಗಿಯಲ್ಲಿ ರೂಮು ಹಿಡಿದಳು. ಇಂದಿನವರೆಗೆ ಆ ಅಂಗಡಿಯತ್ತ ಸುಳಿದಿಲ್ಲ. ಸಲಹೆ ಕೊಡುವುದನ್ನೇ ನಾಲ್ಕು ವರ್ಷ ಕಲಿತು ಬಂದವಳು ನಾನು. ಈವರೆಗೆ ಕೊಟ್ಟ ಸಲಹೆಗಳಲ್ಲಿ ಕೇಳಿದವರು ಒಂದಕ್ಷರವೂ ತಪ್ಪದಂತೆ ಪಾಲಿಸಿದ್ದು ಅದೊಂದನ್ನೇ.